ಇನ್ವರ್ಟರುಗಳ ಮನೆಗೊಂದು ಕಾವಲು

ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಪಡೆದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ೧೯೦೮ರಲ್ಲಿ ಮೈಸೂರು ನಗರಕ್ಕೂ ವಿದ್ಯುದ್ದೀಪಗಳು ಬಂದವು. ಅಂದಿನಿಂದ ನಮ್ಮ ಜನರ ಮನಸ್ಸಿನಲ್ಲಿ ವಿದ್ಯುತ್ತೆಂದರೆ ಎಲ್ಲೋ ದೂರದಲ್ಲಿ ಹುಟ್ಟಿ, ತಂತಿಯ ಹಾದಿ ಹಿಡಿದು ಮನೆಗೆ ಬರುವ ಅತಿಥಿ. ಇಂದು ಆ ಮಾತು ಪೂರ್ತಿಯಾಗಿ ನಿಜವಲ್ಲ. ನಂಜನಗೂಡು ಅಥವಾ ತಿರುಮಕೂಡಲು ನರಸೀಪುರದ ಕಡೆಯ ತೋಟದ ಮನೆಯವರು ಛಾವಣಿಯ ಮೇಲೆ ಸೌರಫಲಕಗಳನ್ನು ಹಾಸಿ, ಬ್ಯಾಟರಿಗಳನ್ನೂ ಎರಡು ಮೂರು ಇನ್ವರ್ಟರುಗಳನ್ನೂ ಇರಿಸಿಕೊಂಡರೆಂದರೆ, ವಿದ್ಯುದಾಗಾರವೇ ಅವರ ಹೊಸ್ತಿಲೊಳಕ್ಕೆ ಬಂದಂತೆ.

ಆಗಾರದೊಡನೆ ಅದರ ಹೊಣೆಯೂ ಬರುತ್ತದೆ. ಸರಬರಾಜು ಸಂಸ್ಥೆಯ ವಿದ್ಯುತ್ತಾದರೆ, ಬೀದಿಯ ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ ತಂತಿಯನ್ನು ಭೂಮಿಗೆ ಸೇರಿಸುವ ಕೆಲಸವನ್ನು ಸಂಸ್ಥೆಯವರೇ ಮಾಡಿರುತ್ತಾರೆ. ನಮ್ಮ ಮನೆಯ ಇನ್ವರ್ಟರಿಗೆ ಅದನ್ನು ಮಾಡುವವರು ಯಾರು? ಈ ಸಣ್ಣ ಪ್ರಶ್ನೆಗೆ ಉತ್ತರ ಸಿಗದ ಮನೆಯಲ್ಲಿ, ಗೋಡೆಯ ಮೇಲಿರುವ ರಕ್ಷಕ ಸಾಧನವು ಕಣ್ಣು ತೆರೆದುಕೊಂಡೇ ನಿದ್ರಿಸುತ್ತಿರಬಹುದು. ಅದು ಹೇಗೆಂಬುದನ್ನು ಪರಿಶೀಲಿಸೋಣ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳಬೇಕು. ‘ಭೂಮಿಯು ವಿದ್ಯುತ್ತನ್ನು ನುಂಗಿಬಿಡುತ್ತದೆ’ ಎಂದು ಅನೇಕರು ನಂಬಿದ್ದಾರೆ. ಭೂಮಿಯು ಏನನ್ನೂ ನುಂಗುವುದಿಲ್ಲ. ವಿದ್ಯುತ್ಪ್ರವಾಹವು ತಾನು ಹೊರಟ ಮೂಲಕ್ಕೆ ಮರಳಲೇಬೇಕು. ಮರಳುವ ದಾರಿ ಇಲ್ಲವಾದರೆ ಹೊರಡುವುದೂ ಇಲ್ಲ. ಬೀದಿಯ ವಿದ್ಯುತ್ತಿನ ಫೇಸ್ ತಂತಿಯನ್ನು ಮುಟ್ಟಿದವನ ದೇಹದ ಮೂಲಕ ಪ್ರವಾಹವು ನೆಲಕ್ಕಿಳಿಯುವುದು ನೆಲದ ಆಕರ್ಷಣೆಯಿಂದಲ್ಲ. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ಲು ಅದೇ ನೆಲಕ್ಕೆ ಸೇರಿರುವುದರಿಂದ.

ಈಗ ರಕ್ಷಕ ಸಾಧನದ ಕಡೆ ತಿರುಗೋಣ. ಆರ್.ಸಿ.ಸಿ.ಬಿ. ಎಂದು ಕರೆಯುವ, ನಮ್ಮ ಕಡೆಯ ಕುಶಲಿಗಳು ಹಳೆಯ ವಾಡಿಕೆಯಂತೆ ಇ.ಎಲ್.ಸಿ.ಬಿ. ಎನ್ನುವ ಈ ಪೆಟ್ಟಿಗೆಯೊಳಗೆ ಕಾಂತಗುಣದ ಒಂದು ಲೋಹದ ಉಂಗುರವಿದೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ಮೂಲಕ ಹಾಯುತ್ತವೆ. ಹೋದ ಪ್ರವಾಹವೂ ಬಂದ ಪ್ರವಾಹವೂ ಸಮನಾಗಿದ್ದರೆ ಅವುಗಳ ಕಾಂತಪರಿಣಾಮ ಪರಸ್ಪರ ಅಳಿದುಹೋಗುತ್ತದೆ. ಒಂದಿಷ್ಟು ಪ್ರವಾಹವು ಬೇರೆ ದಾರಿಯಲ್ಲಿ ಸೋರಿದರೆ ಈ ಸಮತೆ ಕೆಡುತ್ತದೆ. ಉಂಗುರಕ್ಕೆ ಸುತ್ತಿದ ಮೂರನೆಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಚಿಲಕ ಕಳಚಿ, ಮಂಡಲವು ಕಡಿದುಹೋಗುತ್ತದೆ. ಮನೆಗಳಲ್ಲಿ ಬಳಸುವ ಸಾಧನವು ೩೦ ಮಿಲಿಆಂಪಿಯರ್ ಸೋರಿಕೆಗೆ ೦.೩ ಸೆಕೆಂಡಿನೊಳಗೆ ಕಡಿಯಬೇಕೆಂಬುದು ನಿಯಮ.

ಈ ೩೦ರ ಲೆಕ್ಕವು ಮಾನವ ದೇಹದಿಂದ ಬಂದುದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್‌ಜಿಯೆಲ್ ಎಂಬ ವಿಜ್ಞಾನಿಯು, ತಂತಿ ಹಿಡಿದವನು ಸ್ವಂತ ಶಕ್ತಿಯಿಂದ ಕೈಬಿಡಿಸಿಕೊಳ್ಳಬಲ್ಲ ಪ್ರವಾಹದ ಮಿತಿಯನ್ನು ಅಳೆದನು. ಅದು ಗಂಡಸರಲ್ಲಿ ಸರಾಸರಿ ೧೬ ಮಿಲಿಆಂಪಿಯರ್. ಹೆಂಗಸರಲ್ಲಿ ಇನ್ನೂ ಕಡಿಮೆ. ಇದಕ್ಕಿಂತ ಹೆಚ್ಚಿನ ಪ್ರವಾಹವು ಹೃದಯದ ಮಿಡಿತವನ್ನೇ ಲಯಗೆಡಿಸಬಲ್ಲುದು. ಒದ್ದೆ ಕೈಯ ದೇಹದ ರೋಧವನ್ನು ೧೦೦೦ ಓಮ್ ಎಂದಿಟ್ಟುಕೊಂಡರೆ ೨೩೦ ವೋಲ್ಟು ಹರಿಸುವುದು ೨೩೦ ಮಿಲಿಆಂಪಿಯರ್. ಕಾವಲಿನ ಅಗತ್ಯಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಇನ್ವರ್ಟರಿನ ವಿಷಯ. ಇದರ ಎರಡು ಹೊರತಂತಿಗಳಲ್ಲಿ ಯಾವುದನ್ನೂ ಭೂಮಿಗೆ ಸೇರಿಸದೆ ಬಿಟ್ಟರೆ ಅದು ‘ತೇಲುವ’ ಮೂಲ. ಪಂಪಿನೊಳಗೆ ಫೇಸ್ ತಂತಿಯ ಹೊದಿಕೆ ಹರಿದು ಕವಚಕ್ಕೆ ತಗಲಿತೆಂದು ಭಾವಿಸಿ. ಕವಚಕ್ಕೆ ಅರ್ತ್ ತಂತಿ ಇದೆ, ಆದರೆ ಅಲ್ಲಿಂದ ಇನ್ವರ್ಟರಿಗೆ ಮರಳುವ ದಾರಿ ಇಲ್ಲ. ಪ್ರವಾಹ ಹರಿಯದು, ಆರ್.ಸಿ.ಸಿ.ಬಿ. ಮಿಸುಕದು, ಪಂಪು ಎಂದಿನಂತೆ ನೀರೆತ್ತುತ್ತದೆ. ತೊಂದರೆಯಿಲ್ಲವಲ್ಲ ಎನ್ನಬಹುದು. ಆದರೆ ಆ ಗಳಿಗೆಯಿಂದ ಮನೆಯ ಅರ್ತ್ ತಂತಿ, ಅದಕ್ಕೆ ಸೇರಿದ ಪ್ರತಿಯೊಂದು ಲೋಹದ ಮೈ, ಎಲ್ಲವೂ ಫೇಸ್ ತಂತಿಯೇ ಆಗಿರುತ್ತವೆ. ಮುಂದೊಂದು ದಿನ ಯಾರೋ ಒಂದು ಕೈಯಲ್ಲಿ ಆ ಕವಚವನ್ನು ಹಿಡಿದು, ಇನ್ನೊಂದು ಕೈಯಲ್ಲಿ ಸವೆದ ನ್ಯೂಟ್ರಲನ್ನು ಮುಟ್ಟಿದರೆ ಪೂರ್ಣ ೨೩೦ ವೋಲ್ಟು ಎದೆಯ ಮೂಲಕ ಹಾಯುತ್ತದೆ. ಎರಡು ದೋಷಗಳೂ ಒಂದೇ ಆರ್.ಸಿ.ಸಿ.ಬಿ.ಯ ಆಚೆಗಿದ್ದರೆ, ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲೇ ಮರಳುವುದರಿಂದ, ಸಾಧನವು ಆ ಮನುಷ್ಯನನ್ನು ಒಂದು ದೀಪವೆಂದೇ ಎಣಿಸಿ ಸುಮ್ಮನಿರುತ್ತದೆ.

ಶಸ್ತ್ರಚಿಕಿತ್ಸೆಯ ಕೋಣೆಗಳಲ್ಲಿ ತೇಲುವ ಮೂಲವನ್ನು ಬೇಕೆಂದೇ ಬಳಸುವುದುಂಟು. ಆದರೆ ಅಲ್ಲಿ ಮೊದಲ ದೋಷವನ್ನೇ ಗುರುತಿಸಿ ಕೂಗುವ ಯಂತ್ರವಿರುತ್ತದೆ, ಕೇಳಿ ಓಡಿಬರುವ ಜನರೂ ಇರುತ್ತಾರೆ. ತೋಟದ ಮನೆಯಲ್ಲಿ ಇವೆರಡೂ ಇರುವುದಿಲ್ಲ.

ಇದಕ್ಕೆ ಪರಿಹಾರ ಒಂದು ಗೇಣುದ್ದದ ತಂತಿ. ಇನ್ವರ್ಟರಿನ ನ್ಯೂಟ್ರಲನ್ನು, ಆರ್.ಸಿ.ಸಿ.ಬಿ.ಗಿಂತ ಮೊದಲು, ಅಂದರೆ ಮೂಲದ ಪಕ್ಕದಲ್ಲಿ, ಅರ್ತ್ ಪಟ್ಟಿಗೆ ಸೇರಿಸಬೇಕು. ಈ ಕೊಂಡಿಯಿದ್ದರೆ ಮೊದಲ ದೋಷದಲ್ಲೇ ಸೋರಿದ ಪ್ರವಾಹವು ಅರ್ತ್ ತಂತಿಯ ಮೂಲಕ ಇನ್ವರ್ಟರಿಗೆ ಮರಳುತ್ತದೆ. ಉಂಗುರದ ಸಮತೆ ಕೆಟ್ಟು ಮಂಡಲ ಕಡಿಯುತ್ತದೆ. ಕೊಂಡಿಯನ್ನು ಸಾಧನದ ಆಚೆ ಹಾಕಿದರೆ ಸೋರಿದ ಪ್ರವಾಹವೂ ಉಂಗುರದೊಳಗಿನ ನ್ಯೂಟ್ರಲಿನ ಮೂಲಕವೇ ಮರಳುವುದರಿಂದ ಸಮತೆ ಕೆಡದೆ ಸಾಧನವು ಸುಮ್ಮನಿರುತ್ತದೆ.

ಮಣ್ಣಿನ ಪಾತ್ರವನ್ನೂ ಇಲ್ಲಿ ಹೇಳಬೇಕು. ನಂಜನಗೂಡಿನ ರಸಬಾಳೆ ಬೆಳೆಯುವ ಕಪ್ಪು ಜೇಡಿಮಣ್ಣು ತೇವವನ್ನು ಹಿಡಿದಿಟ್ಟು ವಿದ್ಯುತ್ತನ್ನು ಸುಲಭವಾಗಿ ಸಾಗಿಸುತ್ತದೆ. ಅದೇ ನರಸೀಪುರ ತಾಲ್ಲೂಕಿನ ತಲಕಾಡಿನ ಒಣ ಮರಳು ಬಹುಮಟ್ಟಿಗೆ ಅವಾಹಕ. ಆದುದರಿಂದ ಜನರು ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಕೊಳವೆ ನೆಡುತ್ತಾರೆ. ಸಿಡಿಲಿನ ದೃಷ್ಟಿಯಿಂದಲೂ, ಲೋಹದ ಮೈಗಳನ್ನು ನೆಲದ ಮಟ್ಟದ ವಿಭವದಲ್ಲಿರಿಸುವ ದೃಷ್ಟಿಯಿಂದಲೂ ಅದು ಬೇಕಾದದ್ದೇ. ಆದರೆ ಕೊಂಡಿಯಿಲ್ಲದ ಇನ್ವರ್ಟರಿಗೆ ಎಷ್ಟು ಆಳದ ಗುಂಡಿ ತೋಡಿದರೂ ಆರ್.ಸಿ.ಸಿ.ಬಿ. ಎಚ್ಚರವಾಗದು.

‘ಫ್ಯೂಸು, ಎಂ.ಸಿ.ಬಿ. ಇವೆಯಲ್ಲ?’ ಎಂಬ ಪ್ರಶ್ನೆ ಸಹಜ. ೫ ಕಿಲೋವಾಟಿನ ಇನ್ವರ್ಟರು ಸಾಮಾನ್ಯವಾಗಿ ಕೊಡಬಲ್ಲುದು ಸುಮಾರು ೨೨ ಆಂಪಿಯರ್. ಕೆಲವು ಸೆಕೆಂಡುಗಳ ಮಟ್ಟಿಗೆ ಅದರ ಇಮ್ಮಡಿ. ‘ಸಿ’ ವರ್ಗದ ೩೨ ಆಂಪಿಯರ್ ಎಂ.ಸಿ.ಬಿ.ಯು ತಕ್ಷಣ ಬೀಳಬೇಕಾದರೆ ೧೬೦ರಿಂದ ೩೨೦ ಆಂಪಿಯರ್ ಬೇಕು. ಬೀದಿಯ ಟ್ರಾನ್ಸ್‌ಫಾರ್ಮರು ಅಷ್ಟನ್ನು ಒದಗಿಸೀತು, ಇನ್ವರ್ಟರು ಒದಗಿಸಲಾರದು. ನೆನೆದ ಪಂಪಿನ ಮೂಲಕ ೧೦ ಆಂಪಿಯರ್ ಸೋರುತ್ತಿದ್ದರೆ ಇನ್ವರ್ಟರೂ ಎಂ.ಸಿ.ಬಿ.ಯೂ ಅದನ್ನು ದಿನದ ಕೆಲಸವೆಂದೇ ತಿಳಿಯುತ್ತವೆ. ಗ್ರಿಡ್ಡಿನ ಆಸರೆಯಿಲ್ಲದ ಮನೆಯಲ್ಲಿ ಆರ್.ಸಿ.ಸಿ.ಬಿ.ಯ ಬೆಲೆ ಇನ್ನೂ ಹೆಚ್ಚೆಂಬುದು ಇದರಿಂದ ತಿಳಿಯುತ್ತದೆ.

ಒಂದರ ಬದಲು ಹಲವು ಇನ್ವರ್ಟರುಗಳಿದ್ದರೆ ಹೇಗೆ? ಪರಸ್ಪರ ತಾಳ ಹೊಂದಿಸಿಕೊಂಡು ಸಮಾಂತರವಾಗಿ ದುಡಿಯುವಂತೆ ತಯಾರಾದ ಇನ್ವರ್ಟರುಗಳನ್ನು ಮಾತ್ರ ಒಂದುಗೂಡಿಸಬಹುದು. ಹಾಗೆ ಕೂಡಿದವು ಎರಡಿರಲಿ ಆರಿರಲಿ, ವಿದ್ಯುತ್ತಿನ ದೃಷ್ಟಿಯಲ್ಲಿ ಒಂದೇ ಮೂಲ. ಆದುದರಿಂದ ಅವುಗಳಿಗೆ ಒಂದೇ ಕೊಂಡಿ. ಪ್ರತಿಯೊಂದಕ್ಕೂ ಬೇರೆ ಬೇರೆ ಕೊಂಡಿ ಹಾಕಿದರೆ ನ್ಯೂಟ್ರಲಿಗೆ ಸಮಾಂತರವಾಗಿ ಅರ್ತ್ ತಂತಿಯೂ ದಿನವಿಡೀ ಪ್ರವಾಹ ಹೊರುತ್ತದೆ. ಪ್ರತಿಯೊಂದು ಇನ್ವರ್ಟರಿನ ಬಾಯಿಗೂ ಒಂದೊಂದು ಆರ್.ಸಿ.ಸಿ.ಬಿ. ಇಡುವುದೂ ಸಲ್ಲದು: ಫೇಸುಗಳಲ್ಲಿ ಹಂಚಿಕೆಯಾದಂತೆಯೇ ನ್ಯೂಟ್ರಲುಗಳಲ್ಲೂ ಹಂಚಿಕೆಯಾಗುವುದೆಂಬ ಭರವಸೆಯಿಲ್ಲ; ದೋಷವಿಲ್ಲದೆಯೂ ಅವು ಬೀಳುತ್ತಿರುತ್ತವೆ. ಬೇಸತ್ತ ಮನೆಯವರು ಕೊನೆಗೆ ಸಾಧನವನ್ನೇ ಕಿತ್ತುಹಾಕಿಸುತ್ತಾರೆ; ಅಪಾಯವಿರುವುದು ಅಲ್ಲೇ. ಎಲ್ಲ ಫೇಸುಗಳನ್ನು ಒಂದು ಪಟ್ಟಿಗೂ ಎಲ್ಲ ನ್ಯೂಟ್ರಲುಗಳನ್ನು ಇನ್ನೊಂದು ಪಟ್ಟಿಗೂ ತಂದು, ನ್ಯೂಟ್ರಲ್ ಪಟ್ಟಿಯಲ್ಲಿ ಕೊಂಡಿ ಹಾಕಿ, ಅದರ ನಂತರ ಅಡುಗೆಮನೆಗೊಂದು, ಪಂಪಿಗೊಂದು, ದೀಪಗಳಿಗೊಂದರಂತೆ ಆರ್.ಸಿ.ಸಿ.ಬಿ.ಗಳನ್ನು ಹಂಚುವುದು ಸರಿಯಾದ ಕ್ರಮ.

ಇನ್ವರ್ಟರುಗಳು ಒಂದುಗೂಡದೆ ತಮ್ಮ ತಮ್ಮ ಮಂಡಲಗಳನ್ನು ಪ್ರತ್ಯೇಕವಾಗಿ ನಡೆಸುತ್ತಿದ್ದರೆ ಪ್ರತಿಯೊಂದೂ ಬೇರೆ ಮೂಲ. ಆಗ ಪ್ರತಿಯೊಂದಕ್ಕೂ ಅದರದೇ ಕೊಂಡಿ, ಅದರದೇ ಆರ್.ಸಿ.ಸಿ.ಬಿ. ಬೇಕು, ನ್ಯೂಟ್ರಲುಗಳು ಮುಂದೆ ಎಲ್ಲಿಯೂ ಒಂದನ್ನೊಂದು ಕೂಡಬಾರದು. ಭೂಮಿಗೆ ನೆಟ್ಟ ಕೊಳವೆಗಳು ಮಾತ್ರ, ಸೌರಫಲಕದ ಚೌಕಟ್ಟಿನದೂ ಸೇರಿದಂತೆ, ಒಂದೇ ಅರ್ತ್ ಪಟ್ಟಿಗೆ ಕೂಡಿರಬೇಕು.

ಬೀದಿಯ ವಿದ್ಯುತ್ತನ್ನೂ ಅದೇ ತಂತಿಗಳಿಗೆ ಹಾಯಿಸುವ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಆ ನ್ಯೂಟ್ರಲ್ಲು ಟ್ರಾನ್ಸ್‌ಫಾರ್ಮರಿನಲ್ಲಿ ಆಗಲೇ ಭೂಮಿಯನ್ನು ಸೇರಿದೆ. ಆದಕಾರಣ ಬೀದಿಯ ವಿದ್ಯುತ್ತು ಬಂದಾಗ ಮನೆಯ ಕೊಂಡಿ ಕಳಚಬೇಕು, ಹೋದಾಗ ಕೂಡಬೇಕು. ಕೆಲವು ಇನ್ವರ್ಟರುಗಳೊಳಗೆ ಈ ಕೆಲಸಕ್ಕೆಂದೇ ರಿಲೇ ಇರುತ್ತದೆ; ಇಲ್ಲದ ಕಡೆ ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವ ಸ್ವಿಚ್ಚು ಬೇಕು. ಹಾಗೆಯೇ, ಅಗ್ಗದ ಕೆಲವು ಇನ್ವರ್ಟರುಗಳಲ್ಲಿ ಬ್ಯಾಟರಿಗೂ ಹೊರತಂತಿಗೂ ನಡುವೆ ಟ್ರಾನ್ಸ್‌ಫಾರ್ಮರಿನ ಬೇಲಿ ಇರುವುದಿಲ್ಲ. ಅಂಥವುಗಳಲ್ಲಿ ಬ್ಯಾಟರಿಯ ತುದಿಯನ್ನೂ ನ್ಯೂಟ್ರಲನ್ನೂ ಭೂಮಿಗೆ ಸೇರಿಸಿದರೆ ಯಂತ್ರವೇ ಸುಡಬಹುದು. ಅಲ್ಲದೆ ಅವುಗಳಿಂದ ಸೋರುವ ಏಕಮುಖ ಪ್ರವಾಹವು ‘ಎ.ಸಿ.’ ವರ್ಗದ ಆರ್.ಸಿ.ಸಿ.ಬಿ.ಯ ಉಂಗುರವನ್ನು ಮಂಕಾಗಿಸುತ್ತದೆ. ‘ಎ’ ಅಥವಾ ‘ಬಿ’ ವರ್ಗದ್ದು ಬೇಕಾಗುತ್ತದೆ. ತಯಾರಕರ ಕೈಪಿಡಿಯನ್ನು ಓದದೆ ಕೊಂಡಿ ಹಾಕಬಾರದೆಂಬುದು ಇದರಿಂದಲೇ.

ಕಟ್ಟಕಡೆಗೆ ಪರೀಕ್ಷೆಯ ಮಾತು. ಆರ್.ಸಿ.ಸಿ.ಬಿ.ಯ ಮುಖದ ಮೇಲಿನ ಪರೀಕ್ಷಾ ಗುಂಡಿಯನ್ನು ಒತ್ತಿದಾಗ ಅದು ಬಿದ್ದರೆ ‘ಎಲ್ಲವೂ ಕ್ಷೇಮ’ ಎಂದು ಜನ ತಿಳಿಯುತ್ತಾರೆ. ಆ ಗುಂಡಿಯು ಫೇಸ್ ಮತ್ತು ನ್ಯೂಟ್ರಲುಗಳ ನಡುವೆಯೇ ಪೆಟ್ಟಿಗೆಯೊಳಗೆ ಕೃತಕ ಅಸಮತೆಯನ್ನು ಉಂಟುಮಾಡುತ್ತದೆ. ಅರ್ತ್ ತಂತಿಯಾಗಲಿ ಕೊಂಡಿಯಾಗಲಿ ಇಲ್ಲದಿದ್ದರೂ ಸಾಧನವು ಠಕ್ಕನೆ ಬೀಳುತ್ತದೆ. ಗುಂಡಿಯು ಚಿಲಕವನ್ನು ಪರೀಕ್ಷಿಸುತ್ತದೆ, ಕಾವಲನ್ನಲ್ಲ. ಪರವಾನಗಿ ಪಡೆದ ವಿದ್ಯುತ್ ಕುಶಲಿಯು ಪ್ರತಿಯೊಂದು ಸಾಕೆಟ್ಟಿನಲ್ಲೂ ಫೇಸಿನಿಂದ ಅರ್ತಿಗೆ ೩೦ ಮಿಲಿಆಂಪಿಯರ್ ಹರಿಸುವ ಪರೀಕ್ಷಾಯಂತ್ರವನ್ನಿಟ್ಟು ನೋಡಿದಾಗ ಮಾತ್ರ ಕಾವಲಿನ ನಿಜವು ಹೊರಬೀಳುತ್ತದೆ. ಇನ್ವರ್ಟರಿನ ಮೇಲೊಮ್ಮೆ, ಬೀದಿಯ ವಿದ್ಯುತ್ತಿನ ಮೇಲೊಮ್ಮೆ, ಹೀಗೆ ಎರಡು ಸಲ ನೋಡಿಸಬೇಕು. ಮನೆಯವರು ತಾವೇ ತಂತಿ ಹಿಡಿದು ಈ ಪರೀಕ್ಷೆಗೆ ಇಳಿಯಬಾರದು.

೨೦೧೯ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಸರಬರಾಜು ಸಂಸ್ಥೆಯು ಬೀದಿಯ ವಿದ್ಯುತ್ತನ್ನು ಕಡಿಯಬಹುದು. ಮನೆಯೊಳಗಿನ ಇನ್ವರ್ಟರನ್ನು ಅದು ಕಡಿಯಲಾರದು. ಬೀದಿಯೆಲ್ಲ ಕತ್ತಲಾದಾಗ ಆ ಒಂದು ಮನೆಯ ತಂತಿಗಳಲ್ಲಿ ಮಾತ್ರ ೨೩೦ ವೋಲ್ಟು ಜೀವಂತವಾಗಿರುತ್ತದೆ. ವಿದ್ಯುತ್ತು ನಿಂತಿದೆಯೆಂದು ನಂಬಿ ಮೊಣಕಾಲುದ್ದದ ನೀರಿನಲ್ಲಿ ಸಾಮಾನು ಎತ್ತಲು ಹೋಗುವ ನೆರೆಯವನಿಗೆ ಅದು ಗೊತ್ತಿರುವುದಿಲ್ಲ. ಮನೆಯಲ್ಲಿ ವಿದ್ಯುತ್ತನ್ನು ಉತ್ಪಾದಿಸುವವರು ನೀರು ಅಂಗಳಕ್ಕೆ ಬರುವ ಮುನ್ನವೇ ಇನ್ವರ್ಟರನ್ನೂ ಬ್ಯಾಟರಿಯನ್ನೂ ಸೌರಫಲಕಗಳನ್ನೂ ಬೇರ್ಪಡಿಸುವುದನ್ನು ಕಲಿತಿರಬೇಕು. ಆ ಸ್ವಿಚ್ಚು ಎಲ್ಲಿದೆಯೆಂಬುದು ಮನೆಯ ಮಕ್ಕಳಿಗೂ ತಿಳಿದಿರಬೇಕು.