ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಲೇಸರ್ ಬಳಕೆ: ಸುರಕ್ಷತೆಯ ಮೌಖಿಕ ಕ್ರಮಗಳು

ಒಂದು ಕೆಲಸವನ್ನು ಕೂಡಿ ಮಾಡುವವರ ನಡುವೆ ಬಳಕೆಯಲ್ಲಿರುವ ಮಾತು, ಸಂಜ್ಞೆ, ನಿಷೇಧಗಳು ವೃತ್ತಿ ಜಾನಪದದ ಮುಖ್ಯ ಸಾಮಗ್ರಿಗಳಾಗಿವೆ. ಕುಲುಮೆಯಲ್ಲಿ ಕಮ್ಮಾರನು ತನ್ನ ಸಣ್ಣ ಸುತ್ತಿಗೆಯ ಪೆಟ್ಟಿನಿಂದಲೇ ಸಮ್ಮಟಿಗೆ ಹಿಡಿದವನಿಗೆ ಹೊಡೆಯಬೇಕಾದ ಜಾಗವನ್ನೂ ವೇಳೆಯನ್ನೂ ತಿಳಿಸುತ್ತಾನೆ. ಆ ಸಂಜ್ಞೆ ತಪ್ಪಿದರೆ ಕೈ ಜಜ್ಜಿಹೋಗುತ್ತದೆ. ಅಪಾಯಕರವಾದ ಸಲಕರಣೆಯನ್ನು ಹಲವರು ಸೇರಿ ಬಳಸುವ ಆಧುನಿಕ ನೆಲೆಗಳಲ್ಲಿಯೂ ಇಂತಹ ಕ್ರಮಗಳು ರೂಪುಗೊಂಡಿವೆ. ಆಸ್ಪತ್ರೆಗಳಲ್ಲಿ ಲೇಸರ್ ಶಸ್ತ್ರಚಿಕಿತ್ಸೆಯ ವೇಳೆ ಪಾಲಿಸುವ ಸುರಕ್ಷತಾ ಕ್ರಮಗಳನ್ನು, ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಈ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಭಾರತ ಮೂಲದ ವಿಜ್ಞಾನಿ ಸಿ. ಕುಮಾರ್ ಪಟೇಲ್ 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. 1972ರಲ್ಲಿ ಬೋಸ್ಟನ್ನಿನ ಸ್ಟ್ರಾಂಗ್ ಮತ್ತು ಜಾಕೊ ಅವರು ಅದನ್ನು ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆಗೆ ಬಳಸಿದ ಅನುಭವವನ್ನು ಪ್ರಕಟಿಸಿದರು. ಈ ಕಿರಣವನ್ನು ಅಂಗಾಂಶದಲ್ಲಿರುವ ನೀರು ಹೀರಿಕೊಳ್ಳುವುದರಿಂದ ತಾಗಿದ ಭಾಗವು ಆವಿಯಾಗುತ್ತದೆ. ಸಣ್ಣ ರಕ್ತನಾಳಗಳು ಅಲ್ಲಿಯೇ ಮುಚ್ಚಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯ ಲೇಸರುಗಳು ಸಾಮಾನ್ಯವಾಗಿ ನಾಲ್ಕನೆಯ, ಅಂದರೆ ಅತ್ಯಂತ ಅಪಾಯಕರವಾದ ವರ್ಗಕ್ಕೆ ಸೇರುತ್ತವೆ.

ಮೊದಲ ಅಪಾಯ ಕಣ್ಣಿಗೆ. ಇಂಗಾಲದ ಡೈಆಕ್ಸೈಡ್ ಲೇಸರಿನ ತರಂಗಾಂತರ 10,600 ನ್ಯಾನೊಮೀಟರ್. ಇದು ಕಣ್ಣಿನ ಮುಂಪದರವಾದ ಕಾರ್ನಿಯಾವನ್ನು ಸುಡುತ್ತದೆ. 1,064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರಾದರೋ ಕಾರ್ನಿಯಾವನ್ನು ಹಾದು ಒಳಗಿನ ಅಕ್ಷಿಪಟಲವನ್ನು ಕೆಡಿಸುತ್ತದೆ. ಇವೆರಡೂ ಕಣ್ಣಿಗೆ ಕಾಣದ ಕಿರಣಗಳು. ಒಂದು ಲೇಸರಿಗೆ ತಯಾರಾದ ಕನ್ನಡಕವು ಇನ್ನೊಂದರಿಂದ ರಕ್ಷಿಸದೆ ಹೋಗಬಹುದಾದ್ದರಿಂದ ಕನ್ನಡಕದ ಮೇಲೆ ಮುದ್ರಿಸಿದ ತರಂಗಾಂತರವನ್ನು ಓದಿಯೇ ಧರಿಸಬೇಕು. ಎಚ್ಚರಿಕೆಯ ಫಲಕದೊಡನೆ ತಕ್ಕ ಕನ್ನಡಕವೊಂದನ್ನು ಬಾಗಿಲಿನ ಹೊರಗೂ ಇರಿಸಲಾಗುತ್ತದೆ. ರೋಗಿಯ ಕಣ್ಣುಗಳಿಗೆ ಒದ್ದೆಯ ಪಟ್ಟಿಯನ್ನು ಹೊದಿಸಲಾಗುತ್ತದೆ.

ಎರಡನೆಯದು, ಅತ್ಯಂತ ಭೀಕರವಾದುದು, ಶ್ವಾಸನಾಳದೊಳಗಿನ ಬೆಂಕಿ. ಲೇಸರಿನ ಶಾಖ, ಉಸಿರಾಟಕ್ಕೆ ಇಳಿಸಿದ ಪ್ಲಾಸ್ಟಿಕ್ ನಳಿಕೆ ಮತ್ತು ಅದರಲ್ಲಿ ಹರಿಯುವ ಆಮ್ಲಜನಕ, ಈ ಮೂರೂ ಅಂಗುಲಗಳ ಅಂತರದಲ್ಲಿ ಸೇರುತ್ತವೆ. ಆದಕಾರಣ ಲೇಸರ್ ತಡೆಯಬಲ್ಲ ವಿಶೇಷ ನಳಿಕೆಯನ್ನು ಬಳಸಿ, ಸುತ್ತಲೂ ಒದ್ದೆ ಬಟ್ಟೆಯನ್ನು ಇಡಲಾಗುತ್ತದೆ. ರೋಗಿಯ ಸ್ಥಿತಿಗೆ ಒಗ್ಗುವಷ್ಟರ ಮಟ್ಟಿಗೆ ಆಮ್ಲಜನಕದ ಪ್ರಮಾಣವನ್ನು ಶೇಕಡಾ 30ಕ್ಕಿಂತ ಕೆಳಗಿಳಿಸಲಾಗುತ್ತದೆ. ನೈಟ್ರಸ್ ಆಕ್ಸೈಡ್ ಕೂಡ ದಹನಕ್ಕೆ ನೆರವಾಗುವುದರಿಂದ ಅದನ್ನು ಕೈಬಿಡಲಾಗುತ್ತದೆ. ನಳಿಕೆಯ ತುದಿಯ ಬಲೂನಿಗೆ ಗಾಳಿಯ ಬದಲು ನೀಲಿ ಬಣ್ಣ ಬೆರೆಸಿದ ಲವಣಜಲವನ್ನು ತುಂಬುವ ಕ್ರಮವು ಗಮನಾರ್ಹವಾದುದು. ಕಿರಣ ತಾಗಿ ಬಲೂನು ತೂತಾದರೆ ನೀಲಿ ನೀರು ಹೊರಬಂದು ಅಪಾಯವನ್ನು ಸಾರುತ್ತದೆ. ಬೆಂಕಿ ಹತ್ತಿದರೆ ಚರ್ಚೆಗೆ ಅವಕಾಶವಿಲ್ಲ. ಲೇಸರನ್ನು ನಿಲ್ಲಿಸುವುದು, ನಳಿಕೆಯನ್ನು ಹೊರತೆಗೆಯುವುದು, ಅನಿಲಗಳ ಹರಿವನ್ನು ತಡೆಯುವುದು, ಲವಣಜಲವನ್ನು ಸುರಿಯುವುದು ಕೂಡಲೇ ನಡೆಯಬೇಕು. ಯಾರು ಯಾವುದನ್ನು ಮಾಡಬೇಕೆಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಬಾಯಿಬಿಟ್ಟು ಹೇಳಿಕೊಂಡಿರಬೇಕು.

ಮೂರನೆಯದು ಹೊಗೆ. ನರಹುಲಿಯನ್ನು ಸುಟ್ಟಾಗ ಏಳುವ ಲೇಸರ್ ಹೊಗೆಯಲ್ಲಿ ಪ್ಯಾಪಿಲೋಮ ವೈರಸ್ಸಿನ ಡಿಎನ್‌ಎ ಇರುವುದು 1988ರಲ್ಲಿ ವರದಿಯಾಯಿತು. ಸಾಮಾನ್ಯ ಮುಖಗವಸು ಇದಕ್ಕೆ ಸಾಲದು. ಹೊಗೆ ಹೀರುವ ಯಂತ್ರದ ಬಾಯನ್ನು ಗಾಯದಿಂದ ಸುಮಾರು 5 ಸೆಂಟಿಮೀಟರಿನೊಳಗೆ ಹಿಡಿಯಬೇಕಾಗುತ್ತದೆ.

ಈ ಎಲ್ಲ ಏರ್ಪಾಡುಗಳನ್ನು ಒಂದಾಗಿ ಬೆಸೆಯುವುದು ಮಾತು. ಯಂತ್ರದ ಬಳಿ ನಿಂತವರು ಶಸ್ತ್ರಚಿಕಿತ್ಸಕರು ಕೇಳಿದಾಗ ಮಾತ್ರ ಅದನ್ನು ಸಿದ್ಧಸ್ಥಿತಿಗೆ ತಂದು, ‘ಲೇಸರ್ ಆನ್’ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಕೆಲಸ ತುಸು ನಿಂತರೂ ‘ಸ್ಟ್ಯಾಂಡ್‌ಬೈ’ ಎಂಬ ಮಾತಿನೊಡನೆ ಕಿರಣವನ್ನು ತಡೆಯಲಾಗುತ್ತದೆ. ಲೇಸರಿನ ಕಾಲೊತ್ತುಗೆಯನ್ನು ಶಸ್ತ್ರಚಿಕಿತ್ಸಕರಲ್ಲದೆ ಅನ್ಯರು ಮೆಟ್ಟುವಂತಿಲ್ಲ. ಬೇರೆ ಉಪಕರಣದ ಒತ್ತುಗೆಯನ್ನು ಅದರ ಪಕ್ಕದಲ್ಲಿಡುವಂತಿಲ್ಲ. ಕೆಲಸ ಮುಗಿದೊಡನೆ ಯಂತ್ರದ ಕೀಲಿಯನ್ನು ತೆಗೆದಿರಿಸಲಾಗುತ್ತದೆ. ತರಬೇತಿ, ತಪಾಸಣೆ, ದಾಖಲೆಗಳ ಹೊಣೆಯನ್ನು ಲೇಸರ್ ಸುರಕ್ಷತಾ ಅಧಿಕಾರಿ ಹೊರುತ್ತಾರೆ. ನಿಯಮ ಮುರಿದುದನ್ನು ಕಂಡಾಗ ಹಿರಿಯ ವೈದ್ಯರನ್ನೂ ತಡೆಯುವ ಅಧಿಕಾರ ಅವರಿಗಿರಬೇಕು.

ಬಹುಕಾಲ ಒಟ್ಟಿಗೆ ದುಡಿದವರಲ್ಲಿ ‘ಎಲ್ಲರಿಗೂ ಗೊತ್ತೇ ಇದೆ’ ಎಂಬ ಭಾವನೆಯಿಂದ ಮಾತು ಕ್ರಮೇಣ ಸಂಜ್ಞೆಯಾಗುತ್ತದೆ, ಸಂಜ್ಞೆ ಮೌನವಾಗುತ್ತದೆ. ಆ ಮೌನದ ಅರ್ಥ ಅಂದು ಹೊಸದಾಗಿ ಬಂದ ದಾದಿಗಾಗಲಿ ಬದಲಿ ಅರಿವಳಿಕೆ ತಜ್ಞರಿಗಾಗಲಿ ತಿಳಿಯದು. ಆಮ್ಲಜನಕ ಇನ್ನೂ ಇಳಿಯದಿರುವಾಗಲೇ ಕಿರಣ ಹೊಮ್ಮಿದರೆ ಅದರ ಫಲವನ್ನು ಉಣ್ಣುವವನು ಅರಿವಳಿಕೆಯಲ್ಲಿ ಮಲಗಿರುವ, ಮಾತನಾಡಲಾರದ ರೋಗಿ. ಆದುದರಿಂದ ಲಿಖಿತ ನಿಯಮಾವಳಿಯ ಪರಿಶೀಲನೆಯೊಂದಿಗೆ, ಕೊಠಡಿಯಲ್ಲಿ ವಾಸ್ತವವಾಗಿ ಆಡುವ ಮಾತುಗಳನ್ನೂ ಬಿಟ್ಟುಹೋಗುವ ಮಾತುಗಳನ್ನೂ ದಾಖಲಿಸುವುದು ಅವಶ್ಯಕ. ವೃತ್ತಿಸಮುದಾಯಗಳ ಮೌಖಿಕ ವ್ಯವಹಾರವನ್ನು ಅಭ್ಯಸಿಸಿರುವ ಜಾನಪದ ಸಂಶೋಧಕರು ಇಲ್ಲಿ ವೈದ್ಯಕೀಯ ಕ್ಷೇತ್ರಕ್ಕೆ ನೆರವಾಗಬಲ್ಲರು.