ಮರೆವು ರಕ್ತದಲ್ಲಿದೆಯೆಂದು ತಿಳಿದಾಗ



ಈ ಪುಟದಲ್ಲಿ ಬೋರ್ಡೋ ದ್ರಾವಣ, ಗೊಬ್ಬರದ ಸರಬರಾಜು, ಸಾಲ ಮರುಪಾವತಿಯ ವಾಯಿದೆ ಇವುಗಳ ವಿಚಾರವನ್ನೇ ಬರೆಯುತ್ತಾ ಬಂದಿದ್ದೇವೆ. ಈ ಸಲ ತೋಟವನ್ನು ಬಿಟ್ಟು ಮನೆಯೊಳಗಿನ ಒಂದು ಸಂಗತಿಯನ್ನು ಬರೆಯುತ್ತಿದ್ದೇವೆ. ಕಳೆದ ಎರಡು ವರ್ಷಗಳಲ್ಲಿ ಐದಾರು ಮಂದಿ ಸದಸ್ಯರು, ಕಛೇರಿಯ ವ್ಯವಹಾರ ಮುಗಿದ ಮೇಲೆ ಬಾಗಿಲ ಬಳಿ ಒಂದು ಗಳಿಗೆ ನಿಂತು, "ನಮ್ಮ ತಂದೆಗೆ ಹೀಗಾಗಿದೆ, ನಾಳೆ ನಮಗೂ ಬರುತ್ತದೆಯೋ ಏನೋ" ಎಂದು ಕೇಳಿದ್ದುಂಟು. ಅವರಿಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಏಕೆಂದರೆ ಅದೇ ಪ್ರಶ್ನೆ ನಮ್ಮ ಮನೆಯಲ್ಲೂ ಇತ್ತು.

ನಮ್ಮ ತಂದೆಯವರು ಅಡಿಕೆಯ ರಾಶಿಯೊಳಗೆ ಕೈಯಿಟ್ಟು, ಕಣ್ಣುಮುಚ್ಚಿಯೇ ಇದು ಬೆಟ್ಟೆ, ಇದು ಗೊರಬಲು ಎಂದು ಹೇಳುತ್ತಿದ್ದವರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ಶನಿವಾರ ಆಳುಗಳಿಗೆ ಬಟವಾಡೆಯನ್ನು ಎರಡು ಸಲ ಕೊಟ್ಟರು. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ, ಇವರಿಗೆ ಹತ್ತು ವರ್ಷ ತಡವಾಯಿತು ಎಂದು ನಾವೆಲ್ಲ ನಕ್ಕೆವು. ಮೇಸ್ತ್ರಿ ಎರಡನೆಯ ಸಲದ ಹಣವನ್ನು ಒಟ್ಟುಮಾಡಿ ತಂದುಕೊಟ್ಟ. ಮರುವರ್ಷ ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆಯುವ ದಿನ, ಮೈಲುತುತ್ತದ ಡ್ರಮ್ಮಿನ ಮುಂದೆ ನಿಂತವರು ಮುಂದೇನು ಮಾಡಬೇಕೆಂದು ತೋಚದೆ ಅಳತೊಡಗಿದರು. ನಲವತ್ತು ಮಳೆಗಾಲ ತಾವೇ ನಿಂತು ಮಾಡಿಸಿದ ಕೆಲಸ ಅದು. ಆಮೇಲೆ ಯಾರೂ ನಗಲಿಲ್ಲ. ಬೆಂಗಳೂರಿನ ವೈದ್ಯರು ಇದು ಅಲ್ಜೈಮರ್ ರೋಗ, ಬರಿಯ ಮುಪ್ಪಲ್ಲ ಎಂದು ತಿಳಿಸಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ನಮ್ಮನ್ನು ಯಾರೆಂದು ಗುರುತಿಸುತ್ತಿರಲಿಲ್ಲ.

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು 2023ರಲ್ಲಿ, ಅಲ್ಲಿ ಅಂಚೆಯ ಮೂಲಕ ಎಂಜಲನ್ನು ಕಳುಹಿಸಿ ಮಾಡಿಸುವ ವಂಶವಾಹಿ ಪರೀಕ್ಷೆಯನ್ನು ಮಾಡಿಸಿದ್ದಳು. ಪೂರ್ವಿಕರ ಮೂಲ ತಿಳಿಯುವ ಕುತೂಹಲಕ್ಕೆ ಮಾಡಿಸಿದ್ದು. ಒಂದು ರಾತ್ರಿ ದೂರವಾಣಿಯಲ್ಲಿ, "ಅಪ್ಪ, ಒಂದು ವಿಷಯ ಗೊತ್ತಾಗಿದೆ, ಹೇಳಲೋ ಬೇಡವೋ" ಎಂದಳು. ಹಾಗೆಂದ ಮೇಲೆ ಹೇಳದೆ ಇರುವುದುಂಟೇ? ಅಲ್ಜೈಮರ್‌ಗೆ ಸಂಬಂಧಿಸಿದ ಅಪೋ-ಇ ಎಂಬ ವಂಶವಾಹಿಯ ನಾಲ್ಕನೆಯ ಬಗೆ ಅವಳಲ್ಲಿ ಒಂದು ಪ್ರತಿ ಇದೆಯಂತೆ. ವಂಶವಾಹಿಗಳು ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವುದರಿಂದ, ಆ ಪ್ರತಿ ನಮ್ಮಿಂದ ಇಲ್ಲವೇ ನಮ್ಮ ಮನೆಯವರಿಂದ ಬಂದಿರಲೇಬೇಕು. ನಮ್ಮ ಮನೆಯವರ ತವರಿನಲ್ಲಿ ತೊಂಬತ್ತು ದಾಟಿದವರೂ ಕಡತದ ಲೆಕ್ಕ ಹೇಳುತ್ತಿದ್ದರು. ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ತಿಳಿಯಬೇಕು. ಈ ರೋಗ ವಂಶಪಾರಂಪರ್ಯವಾಗಿ ಬರುವ ಬಗೆ ಎರಡು. ಮೊದಲನೆಯದು ಬಹಳ ಅಪರೂಪ, ಆದರೆ ಕಠೋರವಾದದ್ದು. ನಮ್ಮ ಹಾಗೆಯೇ ಕಾಫಿ ಬೆಳೆಯುವ ದೇಶವಾದ ಕೊಲಂಬಿಯಾದ ಆಂಟಿಯೋಕಿಯಾ ಪ್ರಾಂತ್ಯದ ಬೆಟ್ಟದೂರುಗಳಲ್ಲಿ ಒಂದೇ ಮೂಲದ ಕುಟುಂಬಗಳಿವೆ. ಅವರಲ್ಲಿ ನಲವತ್ತರ ಪ್ರಾಯಕ್ಕೇ ಮರೆವು ಹತ್ತಿ, ಐವತ್ತರ ಒಳಗೆ ಮಕ್ಕಳ ಹೆಸರೂ ತಪ್ಪುತ್ತಿತ್ತು. ಊರವರು ಇದನ್ನು ಪೆದ್ದುತನ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಶಾಪವೆಂದು ನಂಬಿದವರೂ ಇದ್ದರು. ಫ್ರಾನ್ಸಿಸ್ಕೋ ಲೊಪೆರಾ ಎಂಬ ನರರೋಗ ತಜ್ಞರು 1980ರ ದಶಕದಿಂದ ಹಳ್ಳಿ ಹಳ್ಳಿ ತಿರುಗಿ, ಚರ್ಚಿನ ದಾಖಲೆಗಳಿಂದ ವಂಶವೃಕ್ಷ ಬರೆದು, ಇದು ಒಂದೇ ವಂಶವಾಹಿಯ ದೋಷವೆಂದು ತೋರಿಸಲು ಕಾರಣರಾದರು. 2024ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೆಲಸವನ್ನು ಬಿಡಲಿಲ್ಲ. ಆ ದೋಷವುಳ್ಳ ತಂದೆ ಅಥವಾ ತಾಯಿಯ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಬಂದರೆ ರೋಗ ಹೆಚ್ಚುಕಡಿಮೆ ಖಚಿತ.

ಅಂಥ ಖಚಿತವಾದ ಸುದ್ದಿಯನ್ನು ಜನರಿಗೆ ಹೇಗೆ ತಿಳಿಸುವುದು? ಅಲ್ಲಿ 2013ರಲ್ಲಿ ಒಂದು ಹೊಸ ಔಷಧಿಯ ಪ್ರಯೋಗ ಆರಂಭವಾದಾಗ, ಯಾರಿಗೂ ತಮ್ಮ ರಕ್ತದ ಗುಟ್ಟು ಹೊರಬೀಳದಿರಲೆಂದು, ದೋಷವಿಲ್ಲದ ಬಂಧುಗಳನ್ನೂ ಸೇರಿಸಿಕೊಂಡರು. ಅವರಿಗೆ ಔಷಧಿಯಿಲ್ಲದ ಚುಚ್ಚುಮದ್ದು. ಪ್ರಯೋಗಕ್ಕೆ ಸೇರಿದ ಮಾತ್ರಕ್ಕೆ ನೆರೆಯವನು ಬೆರಳು ತೋರಿಸಿ ಇವನಿಗಿದೆ ಎನ್ನುವಂತಿರಲಿಲ್ಲ. ತಿಳಿಯದೆ ಇರುವುದೂ ಮನುಷ್ಯನ ಹಕ್ಕೆಂದು ಅವರು ಭಾವಿಸಿದ್ದು ನಮಗೆ ಬಹಳ ದೊಡ್ಡದಾಗಿ ಕಂಡಿತು. ಔಷಧಿ ಮಾತ್ರ ನಿರೀಕ್ಷಿಸಿದ ಫಲ ಕೊಡಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ಆದರೆ ಅದೇ ವಂಶದ ಒಬ್ಬ ಹೆಂಗಸು, ಖಚಿತವಾದ ದೋಷವಿದ್ದೂ, ಎಪ್ಪತ್ತರ ಪ್ರಾಯದವರೆಗೆ ನೆನಪಿನ ತೊಂದರೆಯಿಲ್ಲದೆ ಬದುಕಿದರು. ಅಪೋ-ಇ ವಂಶವಾಹಿಯದೇ ಇನ್ನೊಂದು ಅಪರೂಪದ ಮಾರ್ಪಾಡು ಅವರನ್ನು ಕಾಪಾಡಿರಬೇಕೆಂದು ವಿಜ್ಞಾನಿಗಳು 2019ರಲ್ಲಿ ಬರೆದರು.

ನಮ್ಮ ಮಗಳಲ್ಲಿ ಕಂಡದ್ದು ಈ ಜಾತಿಯದಲ್ಲ, ಎರಡನೆಯ ಬಗೆಯದು. ಅಪೋ-ಇ ಎಂಬುದು ದೇಹದಲ್ಲಿ ಕೊಬ್ಬನ್ನು ಸಾಗಿಸುವ ಒಂದು ಪ್ರೋಟೀನನ್ನು ತಯಾರಿಸುವ ವಂಶವಾಹಿ. ಅದರ ನಾಲ್ಕನೆಯ ಬಗೆಗೂ ಅಲ್ಜೈಮರ್‌ಗೂ ಇರುವ ನಂಟನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1993ರಲ್ಲಿ ಕಂಡುಹಿಡಿದರು. ಒಂದು ಪ್ರತಿಯಿದ್ದವರಿಗೆ ಅಪಾಯ ಸುಮಾರು ಎರಡು ಮೂರು ಪಟ್ಟು, ಎರಡು ಪ್ರತಿಯಿದ್ದವರಿಗೆ ಎಂಟು ಹತ್ತು ಪಟ್ಟು ಹೆಚ್ಚೆಂದು ಪಾಶ್ಚಾತ್ಯ ಜನರ ಲೆಕ್ಕ. ಯೂರೋಪ್ ಮೂಲದವರಲ್ಲಿ ಸುಮಾರು ನಾಲ್ವರಿಗೊಬ್ಬರಲ್ಲಿ ಇದು ಇರುತ್ತದೆ. ಭಾರತೀಯರಲ್ಲಿ ಅದಕ್ಕಿಂತ ಕಡಿಮೆ. ಇದಿದ್ದೂ ರೋಗ ಬಾರದವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲದೆಯೂ ಬಂದವರು ಬೇಕಾದಷ್ಟು.

ನಮ್ಮ ಸದಸ್ಯರಿಗೆ ಇದನ್ನು ತಿಳಿಸಲು ಎಲೆತುಕ್ಕು ರೋಗಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ತುಕ್ಕಿಗೆ ಬೇಗ ತುತ್ತಾಗುವ ತಳಿಯನ್ನು ನೆಟ್ಟಿದ್ದೀರೆಂದರೆ ತೋಟ ಹೋಯಿತೆಂದು ಅರ್ಥವಲ್ಲ. ನೆರಳು, ಮಳೆ, ಸಕಾಲಕ್ಕೆ ಹೊಡೆದ ಔಷಧಿ ಇವೆಲ್ಲ ಸೇರಿ ಫಲ ತೀರ್ಮಾನವಾಗುತ್ತದೆ. ಒಂದು ವ್ಯತ್ಯಾಸವೆಂದರೆ, ಗಿಡಕ್ಕೆ ತನ್ನ ತಳಿ ಯಾವುದೆಂಬ ಚಿಂತೆಯಿಲ್ಲ.

ಮುಂದೆ ನಾವೂ ಪರೀಕ್ಷೆ ಮಾಡಿಸಬೇಕೇ ಎಂಬ ಪ್ರಶ್ನೆ ಬಂತು. ನಮ್ಮ ವೈದ್ಯರು ಒಂದೇ ಮಾತು ಕೇಳಿದರು: "ಇದೆ ಎಂದು ಗೊತ್ತಾದರೆ ಏನು ಮಾಡುತ್ತೀರಿ? ಇಲ್ಲ ಎಂದಾದರೆ ಏನನ್ನು ಮಾಡದೆ ಬಿಡುತ್ತೀರಿ?" ಉತ್ತರ ಬರೆದುಕೊಂಡು ಒಂದು ತಿಂಗಳ ಮೇಲೆ ಬನ್ನಿ ಎಂದರು. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಅವರೇ, 2007ರಲ್ಲಿ ತಮ್ಮ ಇಡೀ ವಂಶವಾಹಿ ಬರಹವನ್ನು ಲೋಕದ ಮುಂದಿಟ್ಟಾಗ, ಈ ಅಪೋ-ಇ ಒಂದನ್ನು ಮಾತ್ರ ತಮಗೂ ತಿಳಿಸಕೂಡದೆಂದು ಕೇಳಿಕೊಂಡಿದ್ದರು. ಅವರ ಅಜ್ಜಿಗೆ ಈ ರೋಗವಿತ್ತು. ಅಷ್ಟು ದೊಡ್ಡವರೇ ಬೇಡವೆಂದದ್ದನ್ನು ನಮ್ಮಂಥವರು ಬೇಡವೆಂದರೆ ಹೇಡಿತನವಲ್ಲ. ಆದರೂ ನಾವು ಮಾಡಿಸಿದೆವು. ಮಗಳು ಒಬ್ಬಳೇ ಹೊರುತ್ತಿದ್ದಾಳೆಂಬುದೇ ಮುಖ್ಯ ಕಾರಣ. ಫಲಿತಾಂಶ ಊಹಿಸಿದಂತೆಯೇ ಬಂತು: ಒಂದು ಪ್ರತಿ.

ಆ ನಂತರದ ಎರಡು ತಿಂಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದು ನೋಟ್‌ಬುಕ್ಕಿನಲ್ಲಿ ನಮ್ಮ ಪ್ರತಿಯೊಂದು ಮರೆವನ್ನೂ ದಿನಾಂಕ ಸಹಿತ ಬರೆಯತೊಡಗಿದೆವು. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬ ನಿರ್ದೇಶಕರ ಹೆಸರು ತಕ್ಷಣ ಬಾಯಿಗೆ ಬರಲಿಲ್ಲ, ಪಂಪ್‌ಹೌಸಿನ ಬೀಗದ ಕೈ ಎಲ್ಲಿಟ್ಟೆವೆಂದು ತಿಳಿಯಲಿಲ್ಲ, ಹೀಗೆ. ಪ್ರತಿ ಸಲವೂ ತಂದೆಯವರು ಡ್ರಮ್ಮಿನ ಮುಂದೆ ನಿಂತದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಆ ಪುಸ್ತಕ ನಮ್ಮ ಮನೆಯವರ ಕೈಗೆ ಸಿಕ್ಕಿತು. ಓದಿ, "ಇದರಲ್ಲಿ ಅರ್ಧ ಮರೆವು ಮದುವೆಯಾದ ವರ್ಷದಿಂದಲೂ ಇದೆ. ಆಗ ನಾನು ಬರೆದಿಟ್ಟಿದ್ದರೆ ಇಂಥ ನಾಲ್ಕು ಪುಸ್ತಕ ತುಂಬುತ್ತಿತ್ತು" ಎಂದರು. ಪುಸ್ತಕ ಒಲೆಗೆ ಹೋಯಿತು.

ಇದು ನಮ್ಮೊಬ್ಬರ ದೌರ್ಬಲ್ಯವಲ್ಲವೆಂದು ಆಮೇಲೆ ಓದಿ ತಿಳಿದೆವು. ತಮ್ಮಲ್ಲಿ ಈ ವಂಶವಾಹಿ ಇದೆಯೆಂದು ತಿಳಿದ ಹಿರಿಯರು, ಇದ್ದೂ ತಿಳಿಯದವರಿಗಿಂತ ತಮ್ಮ ನೆನಪನ್ನು ಕೀಳಾಗಿ ಎಣಿಸುತ್ತಾರೆ, ಪರೀಕ್ಷೆಯಲ್ಲಿ ಕಡಿಮೆ ಅಂಕವನ್ನೂ ತೆಗೆಯುತ್ತಾರೆ ಎಂದು ಅಮೆರಿಕದ ಸಂಶೋಧಕರು 2014ರಲ್ಲಿ ವರದಿ ಮಾಡಿದ್ದಾರೆ. ವಂಶವಾಹಿ ಇಬ್ಬರಲ್ಲೂ ಅದೇ. ಭಯ ಒಬ್ಬರಲ್ಲಿ ಮಾತ್ರ. ಇನ್ನೊಂದು ಪಕ್ಕದಲ್ಲಿ ಸಮಾಧಾನದ ಸುದ್ದಿಯೂ ಇದೆ. ಹೆತ್ತವರಿಗೆ ಅಲ್ಜೈಮರ್ ಇದ್ದ 162 ಮಂದಿಯ ಮೇಲೆ ನಡೆದ ರಿವೀಲ್ ಎಂಬ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಫಲಿತಾಂಶ ತಿಳಿಸಿದವರಿಗೂ ತಿಳಿಸದವರಿಗೂ ಒಂದು ವರ್ಷದ ಮೇಲೆ ಆತಂಕದಲ್ಲಾಗಲಿ ಖಿನ್ನತೆಯಲ್ಲಾಗಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರಿಗೆ ಮೊದಲು ಕೂರಿಸಿ ವಿವರಿಸಿದ್ದರು. ನಮ್ಮ ಮಗಳಿಗೆ ವಿವರಿಸಲು ಯಾರಿದ್ದರು? ಒಂದು ಮೊಬೈಲಿನ ಪರದೆ.

ಬೀಗದ ಕೈ ಎಲ್ಲಿಟ್ಟೆವೆಂದು ಮರೆಯುವುದು ಸಹಜ. ಬೀಗದ ಕೈ ಯಾತಕ್ಕೆಂದು ಮರೆತರೆ, ಪಳಗಿದ ಕೆಲಸದ ಕ್ರಮ ತಪ್ಪಿದರೆ, ದಿನಾ ನಡೆದ ದಾರಿ ತಪ್ಪಿದರೆ ವೈದ್ಯರಲ್ಲಿಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ನೋಡುವ ತಜ್ಞರಿದ್ದಾರೆ. ಮನಸ್ಸು ತೀರ ಕುಗ್ಗಿದ್ದರೆ ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.

ಮಗಳಿಗಿಂತ ಕಷ್ಟವಾದದ್ದು ತಮ್ಮನ ವಿಚಾರ. ನಮಗಿದ್ದರೆ ಅವನಿಗೂ ಇರುವ ಸಂಭವವುಂಟು, ಅವನ ಮಗಳಿಗೆ ಈಗ ಸಂಬಂಧ ನೋಡುತ್ತಿದ್ದಾರೆ. ವಂಶವಾಹಿ ಒಬ್ಬರ ಸೊತ್ತಲ್ಲ, ಅವಿಭಕ್ತ ಆಸ್ತಿಯಿದ್ದ ಹಾಗೆ. ಒಬ್ಬ ಪೆಟ್ಟಿಗೆ ತೆರೆದರೆ ಎಲ್ಲರ ಪಾಲೂ ಕಾಣುತ್ತದೆ. ಅವನು ತನಗೆ ತಿಳಿಯುವುದು ಬೇಡವೆಂದ. ಆ ಮಾತನ್ನು ಮತ್ತೆ ಎತ್ತಿಲ್ಲ. ಈ ಬರಹವನ್ನು ಮಾತ್ರ ಅವನಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಅಚ್ಚಿಗೆ ಕೊಟ್ಟಿದ್ದೇವೆ. "ಹಾಕು ಅಣ್ಣ, ಸಂಬಂಧ ಬರುವವರು ಅಪ್ಪಯ್ಯನನ್ನು ನೋಡಿಯೇ ಇದ್ದಾರಲ್ಲ" ಎಂದ.

ಇನ್ನು ಮಾಡಬಹುದಾದದ್ದು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು ಹದಿನಾಲ್ಕು ಕಾರಣಗಳನ್ನು ಹೆಸರಿಸಿ, ಇವನ್ನು ಸರಿಪಡಿಸಿದರೆ ಜಗತ್ತಿನ ಬುದ್ಧಿಮರೆವಿನ ಪ್ರಕರಣಗಳಲ್ಲಿ ಶೇಕಡಾ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಲೆಕ್ಕ ಹಾಕಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೀಡಿ ಸಿಗರೇಟು, ಅತಿಯಾದ ಕುಡಿತ ಇವನ್ನು ಎಲ್ಲರೂ ಬಲ್ಲರು. ನಮ್ಮವರು ಕಡೆಗಣಿಸುವುದು ಕಿವಿಯನ್ನು. ಕಳೆ ಕತ್ತರಿಸುವ ಯಂತ್ರದ ಪಕ್ಕದಲ್ಲಿ, ಅಡಿಕೆ ಸುಲಿಯುವ ಯಂತ್ರದ ಪಕ್ಕದಲ್ಲಿ ಇಡೀ ದಿನ ನಿಲ್ಲುತ್ತೇವೆ. ಕಿವಿ ಮಂದವಾದರೆ ಮಾತು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದರೆ ಜನ ದೂರವಾಗುತ್ತಾರೆ. ಒಂಟಿತನವೂ ಆ ಹದಿನಾಲ್ಕರಲ್ಲಿ ಒಂದು. ಮಳೆಗಾಲದ ಮೂರು ತಿಂಗಳು ಒಂಟಿಮನೆಯಲ್ಲಿರುವ ನಮ್ಮ ವೃದ್ಧರನ್ನು ನೆನೆಸಿಕೊಳ್ಳಿ. ನಾವು ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದೇವೆ. ಇವೆಲ್ಲ ವಂಶವಾಹಿ ಇದ್ದರೂ ಮಾಡಬೇಕಾದದ್ದೇ, ಇಲ್ಲದಿದ್ದರೂ ಮಾಡಬೇಕಾದದ್ದೇ. ವೈದ್ಯರ ಪ್ರಶ್ನೆಗೆ ನಾವು ಬರೆದ ಉತ್ತರದಲ್ಲಿ ಮುಕ್ಕಾಲು ಪಾಲು ಹೀಗೆಯೇ ಇತ್ತು.

ಉಳಿದ ಕಾಲು ಪಾಲು ಕಾಗದಪತ್ರದ್ದು. ತಂದೆಯವರು ಕೈಲಾಗದೆ ಕುಳಿತಾಗ ತೋಟದ ಪಹಣಿ ಅವರ ಒಬ್ಬರ ಹೆಸರಿನಲ್ಲೇ ಇತ್ತು. ಬೆಳೆಸಾಲದ ನವೀಕರಣದ ಅರ್ಜಿಯಲ್ಲಿ ಅವರ ರುಜು ಹೊಂದಲಿಲ್ಲ. ಆ ಅರ್ಜಿಯನ್ನು ವಾಪಸು ಮಾಡಿದ ಕಾರ್ಯದರ್ಶಿ ನಾವೇ. ನಿಯಮಕ್ಕೆ ಬೇರೆ ದಾರಿಯಿರಲಿಲ್ಲ. ಮುಖ್ತ್ಯಾರ್ ಪತ್ರ ಮಾಡಿಸಿಟ್ಟರೆ ಸಾಕೆಂದು ಅನೇಕ ಸದಸ್ಯರು ತಿಳಿದಿದ್ದಾರೆ. ಅದು ತಪ್ಪು. 1872ರ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ, ಬರೆದುಕೊಟ್ಟವನ ಬುದ್ಧಿಸ್ವಾಸ್ಥ್ಯ ತಪ್ಪಿದೊಡನೆ ಆ ಅಧಿಕಾರವೂ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಉಯಿಲೂ ಸ್ವಸ್ಥಚಿತ್ತದಲ್ಲಿದ್ದಾಗಲೇ, ಇಬ್ಬರು ಸಾಕ್ಷಿಗಳ ಮುಂದೆ ಆಗಬೇಕು. ಪಾಲುಪಟ್ಟಿ, ಜಂಟಿ ಖಾತೆ, ಉಯಿಲು, ಯಾವುದು ನಿಮ್ಮ ಮನೆಗೆ ಸರಿಯೋ ಅದನ್ನು ವಕೀಲರನ್ನು ಕೇಳಿ ಈಗಲೇ ಮಾಡಿಸಿಕೊಳ್ಳಿ.

ಸಂಘದ ಷೇರು ಮತ್ತು ಠೇವಣಿಗಳ ನಾಮನಿರ್ದೇಶನದ ನಮೂನೆ ಕಛೇರಿಯಲ್ಲಿ ಗುಮಾಸ್ತರ ಬಳಿ ದೊರೆಯುತ್ತದೆ. ಪುಸ್ತಕ ತೆಗೆದು ನೋಡಿದಾಗ, ಈವರೆಗೆ ಅದನ್ನು ತುಂಬಿಕೊಡದವರ ಪಟ್ಟಿಯಲ್ಲಿ ಕಾರ್ಯದರ್ಶಿಯ ಹೆಸರೂ ಇತ್ತು. ಕಳೆದ ತಿಂಗಳು ತುಂಬಿಕೊಟ್ಟಿದ್ದೇವೆ. ಮಗಳು ಕೊಯ್ಲಿನ ಹೊತ್ತಿಗೆ ಊರಿಗೆ ಬರುತ್ತಾಳೆ. ಉಯಿಲಿನ ಕರಡನ್ನು ಅವಳು ಓದಿದ ಮೇಲೆ ನೋಂದಣಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.