ತೋಟಾದ ನಂಬರು, ಗುಂಡಿನ ಬಲ

ಒಂಬತ್ತನೇ ತರಗತಿಯಲ್ಲಿ ಚಲನಶಕ್ತಿಯ ಪಾಠ ಮುಗಿಸಿ ಸೀಮೆಸುಣ್ಣ ಕೆಳಗಿಟ್ಟಿದ್ದೆ. ಗೌರಿಬಿದನೂರು ಕಡೆಯ ಹಳ್ಳಿಯಿಂದ ಬರುವ ಹುಡುಗನೊಬ್ಬ ಎದ್ದು ನಿಂತ.

“ಸಾರ್, ನಮ್ಮ ಮಾವನ ಹತ್ರ ಪಾಯಿಂಟ್ 32 ರಿವಾಲ್ವರ್ ಐತೆ. ಅದಕ್ಕೆ ಕಾಡುಹಂದಿ ಬೀಳ್ತದಾ? ಇಲ್ಲಾ ಪಾಯಿಂಟ್ 38 ಬೇಕಾ?”

ತರಗತಿ ಗೊಳ್ಳೆಂದು ನಕ್ಕಿತು. ಅವನು ಮಾತ್ರ ನಗಲಿಲ್ಲ. ಕಡಲೆಕಾಯಿ ಬಲಿಯುವ ಕಾಲದಲ್ಲಿ ಅವನೂ ಅವನ ತಂದೆಯೂ ರಾತ್ರಿ ಹೊಲದಲ್ಲೇ ಮಲಗುತ್ತಾರೆಂದು ಆಮೇಲೆ ತಿಳಿಯಿತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ಬೆಟ್ಟದಂಚಿನ ರೈತರಿಗೂ ಈ ಪ್ರಶ್ನೆ ಹೊಸದಲ್ಲ. ಆದ್ದರಿಂದ ಉತ್ತರವನ್ನು ಕಪ್ಪುಹಲಗೆಯ ಮೇಲೆಯೇ ಬರೆಯೋಣ.

ನಂಬರು ಹೇಳುವುದೇನು?

ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ತಳದಲ್ಲಿ ಕಿಡಿ ಹತ್ತಿಸುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಸೀಸದ ಗುಂಡು. ಪಾಯಿಂಟ್ 32 ಎಂದರೆ ಗುಂಡಿನ ಅಡ್ಡಳತೆ ಸುಮಾರು 0.32 ಅಂಗುಲ, ಅಂದರೆ 8 ಮಿಲಿಮೀಟರ್. ಅದು ಅಗಲವನ್ನು ಹೇಳುತ್ತದೆಯೇ ಹೊರತು ಬಲವನ್ನಲ್ಲ.

ಇದಕ್ಕೊಂದು ಸೊಗಸಾದ ಉದಾಹರಣೆಯಿದೆ. ಅಮೆರಿಕದ ಪಾಯಿಂಟ್ 38 ಸ್ಪೆಷಲ್ ಮತ್ತು 1935ರಲ್ಲಿ ಬಂದ ಪಾಯಿಂಟ್ 357 ಮ್ಯಾಗ್ನಮ್ ಎಂಬ ಎರಡು ತೋಟಾಗಳ ಗುಂಡಿನ ಅಡ್ಡಳತೆ ವಾಸ್ತವದಲ್ಲಿ ಒಂದೇ. ಎರಡರಲ್ಲೂ 10.2 ಗ್ರಾಂ ತೂಕದ ಗುಂಡನ್ನೇ ಬಳಸಬಹುದು. ಮೊದಲನೆಯದರ ವೇಗ ಸೆಕೆಂಡಿಗೆ ಸುಮಾರು 230 ಮೀಟರ್, ಎರಡನೆಯದರದು ಸುಮಾರು 375. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. ಮೊದಲನೆಯದಕ್ಕೆ 270 ಜೂಲ್, ಎರಡನೆಯದಕ್ಕೆ 717 ಜೂಲ್! ಚಿಕ್ಕ ನಂಬರಿನ ತೋಟಾಕ್ಕೇ ಎರಡೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ. ವೇಗವನ್ನು ವರ್ಗ ಮಾಡುವುದೇಕೆಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗದು.

ಇನ್ನು ಮಾವನ ರಿವಾಲ್ವರಿಗೆ ಬರೋಣ. ಅದರ ಗುಂಡು ಸುಮಾರು 6.3 ಗ್ರಾಂ, ವೇಗ ಸುಮಾರು 220 ಮೀಟರ್. ಶಕ್ತಿ ಕೇವಲ 150 ಜೂಲ್. ಹಳೆಯ ಪಾಯಿಂಟ್ 303 ರೈಫಲಿನ ಗುಂಡಿನಲ್ಲಿ ಸುಮಾರು 3,100 ಜೂಲ್ ಇರುತ್ತದೆ. ನಮ್ಮ ಕಾಡುಗಳ ಕತೆಗಳನ್ನು ಬರೆದ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದ ಪಾಯಿಂಟ್ 405 ವಿಂಚೆಸ್ಟರ್ ಕೂಡ ರೈಫಲ್ಲೇ.

ಅಮೆರಿಕದ ಹಲವು ರಾಜ್ಯಗಳಲ್ಲಿ ಕೈಬಂದೂಕಿನಿಂದ ಬೇಟೆಯಾಡಲು ಅನುಮತಿಯುಂಟು. ಅಲ್ಲಿನವರು 1955ರ ಪಾಯಿಂಟ್ 44 ಮ್ಯಾಗ್ನಮ್‌ನಂಥ ತೋಟಾ ಆರಿಸುತ್ತಾರೆ. ಅದರ ಶಕ್ತಿ ಸುಮಾರು 1,300 ಜೂಲ್. ಆದರೆ ನ್ಯೂಟನ್ನನ ಮೂರನೇ ನಿಯಮ ಯಾರನ್ನೂ ಬಿಡುವುದಿಲ್ಲ. ಗುಂಡನ್ನು ಮುಂದಕ್ಕೆ ತಳ್ಳಿದ ಬಂದೂಕು ಕೈಯನ್ನು ಹಿಂದಕ್ಕೆ ಒದೆಯುತ್ತದೆ. ಒದೆತ ಹೆಚ್ಚಿದಂತೆ ಗುರಿ ಕೆಡುತ್ತದೆ. ಜೊತೆಗೆ, ಶಕ್ತಿಯಿದ್ದರಷ್ಟೇ ಸಾಲದು. ಗುಂಡು ದಪ್ಪ ಚರ್ಮ, ಮಾಂಸ, ಮೂಳೆ ದಾಟಿ ಹೃದಯವನ್ನೋ ಮೆದುಳನ್ನೋ ಮುಟ್ಟಬೇಕು. ಕತ್ತಲಲ್ಲಿ, ನಡುಗುವ ಕೈಯಲ್ಲಿ, ನುಗ್ಗಿ ಬರುವ ಪ್ರಾಣಿಗೆ ಹಾಗೆ ಹೊಡೆಯುವವರು ಎಷ್ಟು ಮಂದಿ? ಗಾಯಗೊಂಡ ಹಂದಿ ಗಾಯಗೊಳ್ಳದ ಹಂದಿಗಿಂತ ಅಪಾಯಕಾರಿ.

ಕಾನೂನು ಏನೆನ್ನುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಚಿರತೆ, ಕರಡಿಗಳು ಅದರ ಮೊದಲನೇ ಅನುಸೂಚಿಯಲ್ಲಿವೆ. ಬೆಳೆ ಹಾಳುಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಗೆ ಅವಕಾಶವಿದೆ. ರಿವಾಲ್ವರಿನ ಲೈಸೆನ್ಸು ಆ ಅನುಮತಿಯಲ್ಲ. ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ 11ನೇ ಸೆಕ್ಷನ್ ಪ್ರಕಾರ ಅಪರಾಧವಾಗದು. ಆದರೆ ಬೇಟೆಗೆಂದೇ ಹೋಗಿ, ಪ್ರಾಣಿ ತಿರುಗಿಬಿದ್ದಾಗ ಹೊಡೆದೆ ಎನ್ನುವವನಿಗೆ ಈ ರಕ್ಷಣೆ ಸಿಗುವುದಿಲ್ಲ.

ಬಂದೂಕಿಗಿಂತ ಖಾರ ಮೇಲು

ಅಲಾಸ್ಕದಲ್ಲಿ ಕರಡಿಗಳ ಎದುರು ಬಳಸುವ ಖಾರದ ಸಿಂಪಡಣೆಯ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪ್ರಸಂಗಗಳಲ್ಲಿ ಅದು ಕರಡಿಯನ್ನು ತಡೆದಿತ್ತು. ಅದರಲ್ಲಿರುವುದು ನಮ್ಮ ಮೆಣಸಿನಕಾಯಿಯ ಕ್ಯಾಪ್ಸೈಸಿನ್ನೇ! ಅಲ್ಲಿನ ಕರಡಿಗಳ ಜಾತಿ ಬೇರೆ, ನಿಜ. ಆದರೂ ಪ್ರಾಣಿಯನ್ನು ಕೊಲ್ಲುವುದೊಂದೇ ಪಾರಾಗುವ ದಾರಿಯಲ್ಲ ಎಂಬ ಪಾಠ ನಮಗೂ ಸಲ್ಲುತ್ತದೆ. ಹೊಲಕ್ಕೆ ಒಬ್ಬರೇ ಹೋಗಬೇಡಿ. ಟಾರ್ಚ್ ಹಿಡಿದು, ಸದ್ದು ಮಾಡುತ್ತ ನಡೆಯಿರಿ. ಪ್ರಾಣಿಗೆ ಓಡಲು ದಾರಿ ಬಿಡಿ. ಮರಿಗಳ ಹತ್ತಿರ ಹೋಗಬೇಡಿ. ಬೆಳೆ ಹಾಳಾದರೆ ಫೋಟೋ ತೆಗೆದು, ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ.

ಮಾರನೆಯ ದಿನ ಹುಡುಗ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿ ತಂದಿದ್ದ. ನಾನು ಇನ್ನೊಂದು ಪ್ರಶ್ನೆ ಕೊಟ್ಟೆ: “ಗುರಿ ತಪ್ಪಿದ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ನಿಮ್ಮ ಹೊಲದ ಆಚೆ ಯಾರಿದ್ದಾರೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ನಮ್ಮ ಚಿಕ್ಕಪ್ಪನ ಹೊಲ ಸಾರ್. ಅವ್ರೂ ರಾತ್ರಿ ಅಲ್ಲೇ ಮಲಗ್ತಾರೆ.”

ಪಾಲಕರೇ, ಈ ಉತ್ತರ ಯಾವ ತೋಟಾದ ಪೆಟ್ಟಿಗೆಯ ಮೇಲೂ ಅಚ್ಚಾಗಿರುವುದಿಲ್ಲ. ಮಕ್ಕಳ ಜೊತೆ ಕೂತು ನೀವೂ ಒಮ್ಮೆ ಈ ಲೆಕ್ಕ ಮಾಡಿ ನೋಡಿ.